ಅಟ್ಟಕ್ಕೂ ವಾರಂಟಿ

ಮರವೇರಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ‘ಇಂದು ಬಂದೆ, ನಾಳೆ ಬಂದೆ’ ಎನ್ನುತ್ತಿರುವಾಗಲೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಳಗಳಲ್ಲಿ ಅಟ್ಟ ಏಳುತ್ತದೆ. ಸಾಲು ಕಂಬ, ಅಡ್ಡ ತೊಲೆ, ಅದರ ಮೇಲೆ ಸೀಳಿದ ಅಡಿಕೆ ಮರದ ದಬ್ಬೆ. ಮೇಲೆ ಅಡಿಕೆ ಒಣಗುತ್ತದೆ. ಕೆಳಗಿನ ನೆರಳಿಗೆ ನಾಯಿ, ಬೈಕು, ನೆಂಟರು ಪಾಲುದಾರರು.

ಇಂಥ ಅಂಗಳಕ್ಕೆ ಈಗ ಬೆಂಗಳೂರಿನ ಮಗ ಹಲಗೆಯ ತುಂಡೊಂದನ್ನು ಹಿಡಿದು ಬರುತ್ತಾನೆ. ಹೆಸರು ಡಬ್ಲ್ಯುಪಿಸಿ, ಅಂದರೆ ವುಡ್ ಪ್ಲಾಸ್ಟಿಕ್ ಕಾಂಪೋಸಿಟ್. ಮರದ ಪುಡಿ, ಪ್ಲಾಸ್ಟಿಕ್ ಎರಡನ್ನೂ ಕಾಸಿ ಅಚ್ಚಿನಲ್ಲಿ ಒತ್ತಿದ ಮಾಲು. ಅಮೆರಿಕದಲ್ಲಿ ಮೊಬಿಲ್ ತೈಲ ಕಂಪನಿಯಿಂದ 1996ರಲ್ಲಿ ಬೇರೆಯಾದ ಟ್ರೆಕ್ಸ್, ಗರಗಸದ ಹೊಟ್ಟು ಮತ್ತು ಹಳೆ ಪ್ಲಾಸ್ಟಿಕ್ಕಿನಿಂದಲೇ ಇದರ ದೊಡ್ಡ ವ್ಯಾಪಾರ ಕಟ್ಟಿತು. ಒರಲೆ ಹತ್ತದು, ಎಣ್ಣೆ ಬಳಿಯಬೇಕಿಲ್ಲ.

“ಇಪ್ಪತ್ತೈದು ವರ್ಷ ವಾರಂಟಿ, ಅಪ್ಪಯ್ಯ.”

“ಇರ್ಲಿ ಮಾಣಿ. ಮಳೆಗಾಲಕ್ಕೆ ಬಿಚ್ಚಿ ಎಲ್ಲಿಡವು?”

ಮಗನ ಮೊಬೈಲಿನಲ್ಲಿ ಇದಕ್ಕೆ ಉತ್ತರವಿಲ್ಲ. ಅಟ್ಟದ ದೊಡ್ಡ ಗುಣವೇ ಇಳಿಯುವುದು. ಮಳೆ ಹಿಡಿಯುವ ಮೊದಲು ಗಟ್ಟಿ ದಬ್ಬೆಗಳು ಮಾಡಿನಡಿ ಸೇರುತ್ತವೆ. ಹಾವಸೆ ಹಿಡಿದ ಅಂಗಳದಲ್ಲಿ ಜಾರಿ ಬೀಳದಂತೆ ಕೊಟ್ಟಿಗೆಯವರೆಗೆ ಕೆಲವನ್ನು ಹಾಸುತ್ತಾರೆ. ಇನ್ನು ಕೆಲವು ಹಳ್ಳಕ್ಕೆ ಸಂಕ, ಹಿತ್ತಿಲಿಗೆ ಬೇಲಿ. ತೀರಾ ಲಡ್ಡಾದದ್ದು ಬಚ್ಚಲ ಒಲೆಗೆ ಹೋಗಿ ಸ್ನಾನದ ನೀರು ಕಾಯಿಸುತ್ತದೆ. ವಾರಂಟಿ ಮುಗಿದ ಡಬ್ಲ್ಯುಪಿಸಿಯನ್ನು ಒಲೆಗೆ ಹಾಕಿದರೆ ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಬರಬೇಕು.

ಬಿಸಿಲಿನ ಲೆಕ್ಕವೂ ಇದೆ. ಹಣ್ಣಡಿಕೆ ಒಣಗಿ ಚಾಲಿಯಾಗಲು ಸುಮಾರು 40 ದಿನ ಬೇಕು. ದಬ್ಬೆಯ ಸಂದಿನಿಂದ ಕೆಳಗಿನ ಗಾಳಿಯೂ ಆಡುತ್ತದೆ. ಮಿಶ್ರ ಹಲಗೆ ಮರಕ್ಕಿಂತ ಹೆಚ್ಚು ಕಾಯುತ್ತದೆ. ಅಡಿಕೆಗೆ ಅದು ಸುಖವೇ ಇರಬಹುದು, ಮಧ್ಯಾಹ್ನ ಬರಿಗಾಲಲ್ಲಿ ಹತ್ತಿ ಹರಗುವವರಿಗಲ್ಲ.

ಹಾಗಾದರೆ ಒಳ್ಳೇ ನಾಟಾದ ಹಲಗೆಯನ್ನೇ ಹಾಕಿದರೆ? ತೇಗ, ಹೊನ್ನೆ, ಮತ್ತಿ ಎನ್ನುವಾಗ ಬಾಯಲ್ಲಿ ನೀರೂರುತ್ತದೆ. ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯಲ್ಲಿ ಅರಣ್ಯ ಇಲಾಖೆಯ ಡಿಪೋ ಇದೆ, ಹರಾಜಿನಲ್ಲಿ ಕೂಗಬಹುದು. ಕೂಗಿದ ಮೇಲೆ ಬಾಯಿ ಒಣಗುತ್ತದೆ. ಸ್ವಂತ ಜಾಗದ ತೇಗವನ್ನೇ ಕಡಿಯೋಣವೆಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪರವಾನಗಿ ಬೇಕು. ತೋಟದ ಮುದಿ ಅಡಿಕೆ ಮರಕ್ಕೆ ಅರ್ಜಿ ಬೇಡ, ಕೊಡಲಿ ಸಾಕು.

ಹೋಮ್‌ಸ್ಟೇ ಜಗಲಿಯಲ್ಲಿ ಅತಿಥಿಗಳು ಕುರ್ಚಿ ಎಳೆದಾಡಲು ಮಗನ ಹಲಗೆ ಧಾರಾಳವಾಗಿ ಆದೀತು. ಅಟ್ಟಕ್ಕೆ ದಬ್ಬೆಯೇ ಸೈ. ಆದರೆ ದಬ್ಬೆ ಸೀಳಲು, ಕಂಬದ ಗುಂಡಿ ತೋಡಲು ಆಳು ಸಿಗಬೇಕಲ್ಲ! ಹೀಗಾಗಿ ಹಲವು ಅಂಗಳಗಳಲ್ಲಿ ಈಗ ಕಾಲು ಕಬ್ಬಿಣದ ಪೈಪು, ಮೈ ಅಡಿಕೆ ದಬ್ಬೆ, ಕಟ್ಟು ನೈಲಾನ್ ಹಗ್ಗ, ಅಕಾಲದ ಮಳೆಗೆ ಪ್ಲಾಸ್ಟಿಕ್ ತಾಡಪತ್ರಿ. ನಮ್ಮ ಸೀಮೆಯ ಕಾಂಪೋಸಿಟ್ ಇದೇ. ವಾರಂಟಿ ಕಾರ್ಡಷ್ಟೇ ಇಲ್ಲ. ಪೈಪು ನುಣುಪು, ಮಂಗ ಹತ್ತಲಾರದು ಎಂದು ಅಪ್ಪಯ್ಯನೂ ಒಪ್ಪಿದ್ದ. ಮಂಗಗಳು ಮನೆಯ ಮಾಡಿನಿಂದಲೇ ಅಟ್ಟಕ್ಕೆ ಹಾರುತ್ತಿವೆ. ಒಡೆದ ಹಂಚಿನ ಖರ್ಚು ಯಾರ ಎಸ್ಟಿಮೇಟಿನಲ್ಲೂ ಇರಲಿಲ್ಲ.