ಅತ್ತೆಯ ಮಣೆ, ಅಳಿಯನ ಆನೆ

ನಮ್ಮ ಮನೆಯ ಮರದ ಸಾಮಾನುಗಳೆಲ್ಲ ಈಗ ನನ್ನನ್ನು ಕಂಡರೆ ಮೈ ಮುದುಡಿಕೊಳ್ಳುತ್ತವೆ. ಲಟ್ಟಣಿಗೆಯನ್ನು ನನ್ನಾಕೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಾಳೆ. ಪಕ್ಕದ ಮನೆ ಹುಡುಗ ಕ್ರಿಕೆಟ್ ಬ್ಯಾಟನ್ನು ಬೆನ್ನ ಹಿಂದೆ ಹಿಡಿದು ನನಗೆ ನಮಸ್ಕಾರ ಹೇಳುತ್ತಾನೆ. ಅವನ ಅನುಮಾನ ಸುಳ್ಳಲ್ಲ. ಕಾಶ್ಮೀರಿ ವಿಲ್ಲೋ, ಹಗುರ, ಮೆದು, ಗಂಟಿಲ್ಲದ ಮೈ; "ಯಾವಾಗಪ್ಪ ಹೊಸದು ಕೊಡಿಸ್ತಾರೆ?" ಎಂದು ನಾನು ಎರಡು ಸಲ ವಿಚಾರಿಸಿದ್ದೆ.

ಎಲ್ಲಕ್ಕೂ ಕಾರಣ ನಾನು ತರಿಸಿದ ಸ್ಕ್ರೋಲ್ ಸಾ. ಹೊಲಿಗೆ ಮಷೀನಿನ ಸೂಜಿ ಕಿತ್ತು ಗರಗಸ ಕಟ್ಟಿದರೆ ಹೇಗಿರುತ್ತದೋ ಹಾಗಿದೆ. ಐದಿಂಚು ಉದ್ದದ, ದಾರದಂಥ ಬ್ಲೇಡು ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯನ್ನು ಗೆರೆಯ ಮೇಲೆ ತಿರುಗಿಸುತ್ತಾ ಹೋದರೆ ಆನೆ, ನವಿಲು, ಗಣಪತಿ ಏನು ಬೇಕೋ ಅದು. ಮೈಸೂರಿನವನೆಂಬ ಜಂಬ ಬೇರೆ. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತ ಕೂರಿಸಿದ ಊರು ನಮ್ಮದು. ಇವತ್ತಿಗೂ ಇಲ್ಲಿನ ಕುಸುರಿಯವರು ಸಣ್ಣ ಗರಗಸದಲ್ಲಿ ಮರದ ಚೂರುಗಳನ್ನು ಕೊಯ್ದು ಬೀಟೆಯೊಳಗೆ ಕೂರಿಸಿ ಚಿತ್ರ ಮಾಡುತ್ತಾರೆ. ಹಳದಿ ಬೇಕೆಂದರೆ ಹಳದಿ ಬಳಿಯುವುದಿಲ್ಲ, ಹಲಸಿನಂಥ ಹಳದಿ ಮರವನ್ನೇ ಹುಡುಕುತ್ತಾರೆ. ವಿದ್ಯೆಯೆಲ್ಲ ಆ ಹುಡುಕುವುದರಲ್ಲೇ ಇದೆ ಎಂಬುದು ಮಷೀನಿಗೆ ದುಡ್ಡು ಕೊಡುವಾಗ ನನಗೆ ಹೊಳೆಯಲಿಲ್ಲ.

ಮಷೀನು ಬಂತು, ಮರವಿಲ್ಲ. ಹಸೆಗೆ ಕರೆದ ಮೇಲೆ ಹೆಣ್ಣು ಹುಡುಕಿದ ಹಾಗಾಯಿತು. ಅಟ್ಟ ಹತ್ತಿ ತಡಕಾಡಿದಾಗ ಸಿಕ್ಕಿದ್ದು ಅತ್ತೆಯವರು ಸಾಗರದ ತವರಿನಿಂದ ತಂದಿದ್ದ ಹಲಸಿನ ಮಣೆ. ಮೂರು ತಲೆಮಾರು ಕೂತು ಉಂಡು ನುಣುಪಾದದ್ದು. ಮೇಲೆ ಡಿಕಾಕ್ಷನ್ ಬಣ್ಣ, ಕೊಯ್ದರೆ ಒಳಗೆ ಇನ್ನೂ ಅರಿಸಿನದ ಹೊಳಪು. ಸೊಗಸಾದ ಆನೆ ಬಂತು. ಎತ್ತಿ ತೋರಿಸಲು ಹೋದೆ, ಸೊಂಡಿಲು ಕೈಯಲ್ಲಿ ಉಳಿಯಿತು, ಆನೆ ನೆಲಕ್ಕೆ ಬಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು. "ಹಂದಿ ಚೆನ್ನಾಗಿದೆ ಅಳಿಯಂದ್ರೇ" ಅಂದರು. ಅದು ಯಾವ ಮರವೆಂದು ಆಗಿನ್ನೂ ಅವರಿಗೆ ಗೊತ್ತಾಗಿರಲಿಲ್ಲ.

ಕಿಟಕಿ ರಿಪೇರಿಗೆ ಬಂದಿದ್ದ ಆಚಾರ್ರು ಮುರಿದ ತುಂಡನ್ನು ಬೆಳಕಿಗೆ ಹಿಡಿದರು. "ಸಾರ್, ಸೊಂಡಿಲು ಇಳಿಯೋ ಕಡೆಗೇ ನಾರೂ ಇಳೀಬೇಕು. ನೀವು ಅಡ್ಡ ನಾರಿಗೆ ಸೊಂಡಿಲು ನೇತಾಕಿದೀರ. ಬಿಸ್ಕತ್ತು ಮುರಿದಂಗೆ ಮುರೀತದೆ." ಅಡುಗೆಮನೆ ಕಪಾಟು ಮಾಡಿಸಿದಾಗ ಉಳಿದಿದ್ದ ಪ್ಲೈವುಡ್ ಹಿಡಿದೆ. ಅದರಲ್ಲಿ ಒಂದು ಪದರದ ನಾರು ಉದ್ದ, ಮುಂದಿನದು ಅಡ್ಡ, ಸೊಂಡಿಲು ಉಳಿಯಿತು. ಆದರೆ ಅಗ್ಗದ ಪ್ಲೈನ ಒಳಗೆ ಪದರ ಸೇರದ ಕಡೆ ಪೊಳ್ಳು ಇರುತ್ತದೆ. ಬೆರಳ ಗೆಣ್ಣಿನಲ್ಲಿ ತಟ್ಟಿ ಸದ್ದು ಕೇಳಬೇಕಿತ್ತು, ತೆಂಗಿನಕಾಯಿ ಆರಿಸುವಾಗಲೂ ನಾನು ತಟ್ಟಿ ನೋಡುವವನಲ್ಲ. ಆನೆಯ ಬೆನ್ನಿನ ಅಂಚಿನಲ್ಲಿ ಇರುವೆ ಸಂಸಾರ ಹೂಡುವಷ್ಟು ಸುರಂಗ. ಪದರ ಅಂಟಿಸಿದ ಗೋಂದು ತಿಂದ ಬ್ಲೇಡುಗಳ ಲೆಕ್ಕ ನನ್ನಾಕೆಗೆ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಕೊನೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಸಾಮಿಲ್ಲಿಗೆ ಹೋದೆ. "ತೇಗ ಬೇಕಿತ್ತು." ಮಾಲೀಕರು ಕುರ್ಚಿ ಹಾಕಿಸಿದರು, ಕಾಫಿಗೆ ಹೇಳಿದರು. "ಮನೆ ಕಟ್ಟಿಸ್ತಿದೀರಾ? ಎಷ್ಟು ಸಿಎಫ್‌ಟಿ?" ಒಂದಡಿ ಉದ್ದ, 8 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ ಅಂದೆ. ಅವರು ಕ್ಯಾಲ್ಕುಲೇಟರ್ ಒತ್ತಿದರು, ಒಂದು ಘನ ಅಡಿಯಲ್ಲಿ 24ನೇ ಒಂದು ಭಾಗ. ಇನ್ನೊಮ್ಮೆ ಒತ್ತಿದರು, ಅಷ್ಟೇ ಬಂತು. ಕಾಫಿ ಬರಲಿಲ್ಲ. "ಅಷ್ಟು ನಮ್ಮಲ್ಲಿ ಗುಡಿಸಿದ್ರೆ ಸಿಗತ್ತೆ ಸಾರ್. ಅಗೋ, ಹಿಂದೆ ಸೌದೆ ರಾಶಿ, ತೂಕದ ಮೇಲೆ." ಹೊರಡುವ ಮುಂಚೆ ಬೀಟೆ ಇದೆಯಾ ಎಂದೂ ಕೇಳಿದೆ. ಅವರು ನನ್ನ ಅಂಗಿಯನ್ನು ಇನ್ನೊಮ್ಮೆ ನೋಡಿದರು.

ಆ ರಾಶಿ ಮಾತ್ರ ಕುಬೇರನ ಕೋಶ. ಬಾಗಿಲು ಚೌಕಟ್ಟಿಗೆ ಕೊಯ್ದು ಉಳಿದ ತೇಗ, ಮತ್ತಿ, ಬೇವು, ಕಾಫಿ ತೋಟದಿಂದ ಬಂದ ಸಿಲ್ವರ್ ಓಕ್. ನಾನು ಒಂದೊಂದನ್ನೂ ಎತ್ತಿ ಸೀಳಿದೆಯಾ, ಕುಟ್ಟೆ ಹಿಡಿದಿದೆಯಾ ಎಂದು ತಿರುಗಿಸಿ, ಹಸಿ ಮರವಾದರೆ ಕೈಗೆ ತಣ್ಣಗೆ ಹತ್ತುತ್ತದೆಂದು ಕೆನ್ನೆಗೆ ಒತ್ತಿ ನೋಡುತ್ತಿದ್ದೆ. ಪಕ್ಕದಲ್ಲಿ ಹಂಡೆ ಒಲೆಗೆ ಸೌದೆ ತುಂಬಿಕೊಳ್ಳುತ್ತಿದ್ದ ಹೆಂಗಸು ಸ್ವಲ್ಪ ಹೊತ್ತು ತಡೆದುಕೊಂಡಳು. "ಯಾಕಣ್ಣೋ ಮುದ್ದಾಡ್ತಿದೀಯ? ಎಲ್ಲಾ ಒಂದೇ ತರ ಉರೀತದೆ." ತೇಗದ ಒಳ್ಳೊಳ್ಳೆ ತುಂಡುಗಳು ಅವಳ ಮೂಟೆಗೇ ಹೋದವು. ಆಮೇಲೆ ತಿಳಿಯಿತು, ನನಗೆ ನಷ್ಟವಾಗಿಲ್ಲ. ತೇಗದ ಮೈಯಲ್ಲಿ ಮರಳಿನ ಅಂಶವಿರುತ್ತದೆ, ಸಣ್ಣ ಬ್ಲೇಡಿನ ಹಲ್ಲು ಬೇಗ ಮೊಂಡಾಗುತ್ತದೆ. ಅವಳ ಹಂಡೆಗೆ ಹಲ್ಲಿಲ್ಲ.

ಆಮೇಲೆ ಪ್ಯಾಕಿಂಗ್ ಪೆಟ್ಟಿಗೆಯ ಹುಚ್ಚು ಹತ್ತಿತು. ವಿದೇಶದಿಂದ ಯಂತ್ರ ಹೊತ್ತು ಬರುವ ಪೆಟ್ಟಿಗೆಗಳು ಹೆಚ್ಚಾಗಿ ಪೈನ್ ಮರದವು, ಬೆಣ್ಣೆಯಂತೆ ಕೊಯ್ಯುತ್ತವೆ. ಅವುಗಳ ಮೇಲೆ ಗೋಧಿ ತೆನೆಯಂಥ ಮುದ್ರೆ, ಪಕ್ಕದಲ್ಲಿ ಎರಡಕ್ಷರ. ಎಚ್‌ಟಿ ಎಂದಿದ್ದರೆ ಹುಳ ಸಾಯಲೆಂದು ಮರದ ಒಳಗಿನವರೆಗೂ 56 ಡಿಗ್ರಿ ಬಿಸಿಯನ್ನು ಅರ್ಧ ಗಂಟೆ ಕೊಟ್ಟಿದ್ದಾರೆಂದು ಅರ್ಥ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದಾರೆ, ಮುಟ್ಟಬಾರದು. ಮೊನ್ನೆ ಮದುವೆಗೆ ಹೊರಟಿದ್ದೆವು, ದಾರಿಯಲ್ಲಿ ಅಂಗಡಿಯೊಂದರ ಮುಂದೆ ಎಸೆದ ಪೆಟ್ಟಿಗೆ ಕಂಡಿತು. ರೇಷ್ಮೆ ಪಂಚೆ ಎತ್ತಿಕಟ್ಟಿ ಮಂಡಿಯೂರಿ ಅಕ್ಷರ ಓದುತ್ತಿದ್ದೆ. "ರೀ, ಏಳ್ರೀ! ಗುಜರಿಯವರು ಅಂದ್ಕೋತಾರೆ!" ಅಂದಳು ನನ್ನಾಕೆ. ಅಷ್ಟರಲ್ಲಿ ಅಸಲಿ ಗುಜರಿಯವನು ಬಂದು ನನ್ನ ಜೊತೆ ರೇಟು ಮಾತಾಡಲು ಶುರು ಮಾಡಿದ್ದ.

ಇಷ್ಟೆಲ್ಲ ಅಲೆದಾಟದಲ್ಲಿ ಕೈಗೆ ಹತ್ತಿದ ಒಂದೇ ಒಂದು ರತ್ನವೆಂದರೆ ಸೌದೆ ರಾಶಿಯ ತಳದಲ್ಲಿ ಸಿಕ್ಕಿದ ಹೊನ್ನೆಯ ತುಂಡು. ಗೇಣುದ್ದ, ಪೂರ್ತಿ ಕೆಚ್ಚು, ಒಂದು ಬಿರುಕಿಲ್ಲ. ಎಂಟು ದಿನ ಅದರ ಮೇಲೆ ಬ್ಲೇಡು ಇಡಲು ಮನಸ್ಸು ಬರಲಿಲ್ಲ. ಒಂಬತ್ತನೇ ದಿನ ಆಚಾರ್ರ ಪಾಠ ನೆನೆದು, ನಾರು ಮೇಲಕ್ಕೆ ಹೋದ ಕಡೆಗೇ ಸೊಂಡಿಲೆತ್ತಿದ ಆನೆಯನ್ನು ಪೆನ್ಸಿಲಿನಲ್ಲಿ ಬರೆದಿಟ್ಟು ಮಲಗಿದೆ.

ಬೆಳಿಗ್ಗೆ ತುಂಡಿಲ್ಲ. ಬೀರುವಿನ ಹಿಂದೆ, ಮಂಚದ ಕೆಳಗೆ, ಬಚ್ಚಲ ಒಲೆಯ ಬೂದಿಯಲ್ಲೂ ಕೆದಕಿದೆ. ಸಿಕ್ಕಿದ್ದು ಅತ್ತೆಯ ಕೋಣೆಯಲ್ಲಿ. ಕಿಟಕಿಯ ಮೇಲೆ ಸ್ಟೀಲ್ ಜಗ್ಗು, ಡಾಕ್ಟರು ಕೊಟ್ಟ ಸಕ್ಕರೆ ಕಾಯಿಲೆ ಮಾತ್ರೆಯ ಪಕ್ಕದಲ್ಲಿ. ಜಗ್ಗಿನ ತುಂಬ ಚಹಾ ಬಣ್ಣದ ನೀರು. ನನ್ನ ಆನೆ ಕುತ್ತಿಗೆವರೆಗೂ ಮುಳುಗಿ, ಸೊಂಡಿಲೊಂದನ್ನೇ ನೀರಿನ ಮೇಲೆ ಎತ್ತಿಕೊಂಡಿತ್ತು.

"ಹೊನ್ನೆ ನೆನೆಸಿದ ನೀರು ಸಕ್ಕರೆಗೆ ಒಳ್ಳೇದು ಅಂತ ನಮ್ಮಮ್ಮ ಹೇಳ್ತಿದ್ರು" ಅಂದರು ಅತ್ತೆ, ಲೋಟಕ್ಕೆ ಬಗ್ಗಿಸಿಕೊಳ್ಳುತ್ತಾ. "ಎಲ್ಲಿ ಸಿಕ್ತು ಅಳಿಯಂದ್ರೇ? ಮುಂದಿನ ಸಲ ಹೋದಾಗ ಇನ್ನೊಂದು ತನ್ನಿ. ಹಂದಿ ಬರೆಯೋಕ್ಕೆ ಮುಂಚೆ ಕೊಡಿ. ಹಾಗೇ ಅಟ್ಟದ ಮೇಲೆ ನನ್ನದೊಂದು ಹಲಸಿನ ಮಣೆ ಇದೆ, ಇಳಿಸಿಕೊಡಿ, ಹಬ್ಬಕ್ಕೆ ಬೇಕು."