ಗ್ಯಾಸ್ ಮಾವನವರು

ವಾಹನ ನಡೆಸುವ ವಿದ್ಯೆ ಅರಿಯದಿದ್ದರೂ ವಾಹನದ ಸಕಲ ರೋಗಗಳಿಗೂ ನಿದಾನ ಹೇಳಬಲ್ಲ ಮಹನೀಯರೊಬ್ಬರು ನಮ್ಮ ಕಡೆಯ ಪ್ರತಿಯೊಂದು ಬಂಧುವರ್ಗದಲ್ಲಿಯೂ ಇದ್ದೇ ಇರುತ್ತಾರೆ. ಹಿಂದೆ ಕುಳಿತರೆ ತಲೆಸುತ್ತು ಬರುವುದೆಂಬ ಕಾರಣದಿಂದ ಮುಂದಿನ ಆಸನವು ಅವರಿಗೆ ಶಾಶ್ವತವಾಗಿ ಮೀಸಲು. ನಮ್ಮ ಸೋದರಮಾವನವರಾದರೋ ಈ ವರ್ಗದ ಚಕ್ರವರ್ತಿಗಳು. ಕಾರಿನ ಏಸಿಯಲ್ಲಿ ತಣ್ಣನೆಯ ಗಾಳಿ ಬಾರದಿದ್ದಲ್ಲಿ, ಫಿಲ್ಟರಿನಲ್ಲಿ ಧೂಳು ಗಟ್ಟಿಯಾಗಿರಲಿ, ಕಂಪ್ರೆಸರಿನ ಕ್ಲಚ್ ಹಿಡಿಯದೆ ಹೋಗಿರಲಿ, ಅವರ ತೀರ್ಪು ಒಂದೇ: “ಗ್ಯಾಸ್ ಖಾಲಿ.” ಆ ಅನಿಲವು ಮುಚ್ಚಿದ ಕೊಳವೆಗಳಲ್ಲಿ ಸುತ್ತತಕ್ಕದ್ದೇ ಹೊರತು ಪೆಟ್ರೋಲಿನ ಹಾಗೆ ಉರಿದು ತೀರತಕ್ಕ ಪದಾರ್ಥವಲ್ಲವೆಂದೂ, ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿರಲೇಬೇಕೆಂದೂ ಯಾರಾದರೂ ವಿನಯಪೂರ್ವಕವಾಗಿ ಅರಿಕೆ ಮಾಡಿದರೆ, ಅವರು ಕರುಣೆಯಿಂದ ಮುಗುಳ್ನಗುವರು.

ಕಳೆದ ಬೇಸಿಗೆಯಲ್ಲಿ ಎಡೆಯೂರು ಸಿದ್ಧಲಿಂಗೇಶ್ವರನ ದರ್ಶನ ಮುಗಿಸಿ, ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿರುವ ಮಾರ್ಕೋನಹಳ್ಳಿಯ ಅಣೆಕಟ್ಟೆಗೆ ಹೋದೆವು. ಇಂಜಿನಿಯರ್ ಗಣೇಶ ಅಯ್ಯರ್ ಅವರ ಹೆಸರಿನೊಡನೆ ಪ್ರಸಿದ್ಧವಾದ ಅಲ್ಲಿಯ ಸೈಫನ್ನುಗಳು, ನೀರು ತುಂಬು ಮಟ್ಟವನ್ನು ಮೀರಿದೊಡನೆ ತಾವೇ ಹರಿಯಲಾರಂಭಿಸಿ, ಮಟ್ಟ ಇಳಿದೊಡನೆ ಗಾಳಿಯನ್ನು ಒಳಗೆಳೆದುಕೊಂಡು ತಾವೇ ನಿಂತುಬಿಡುತ್ತವೆ. ಯಾರೊಬ್ಬರ ಸಲಹೆಯನ್ನೂ ನಿರೀಕ್ಷಿಸದೆ ದುಡಿಯುವ ಇಂಥ ಯಂತ್ರಗಳು ಮಾವನವರಿಗೆ ಎಂದೂ ರುಚಿಸಿದ್ದಿಲ್ಲ. ಅವರು ಹುಟ್ಟಬೇಕಾದದ್ದು 1940ರ ಮಾದರಿಯ ಪ್ಯಾಕರ್ಡ್ ಕಾರುಗಳ ಕಾಲದಲ್ಲಿ. ಮೊಟ್ಟಮೊದಲು ಏಸಿ ಅಳವಡಿಸಿಕೊಂಡು ಮಾರಾಟಕ್ಕೆ ಬಂದ ಆ ಅಮೆರಿಕದ ಕಾರುಗಳಲ್ಲಿ ಕಂಪ್ರೆಸರನ್ನು ನಿಲ್ಲಿಸಬೇಕಾದರೆ ಬಾನೆಟ್ಟನ್ನೆತ್ತಿ ಬೆಲ್ಟನ್ನೇ ಕಳಚಬೇಕಾಗಿತ್ತಂತೆ.

ಬಿಸಿಲಿಗೆ ಹೆದರಿ ಅಜ್ಜಿಯೂ ಅತ್ತೆಯೂ ಇಳಿಯಲೊಪ್ಪದೆ, ಕಾರನ್ನು ಚಾಲೂ ಇಟ್ಟು ಕುಳಿತಿದ್ದರು. ಕ್ಷಣಮಾತ್ರದಲ್ಲಿ ಬಿಸಿಗಾಳಿ ಬೀಸತೊಡಗಿತು. ಮಾವನವರು ಬಾನೆಟ್ಟನ್ನೆತ್ತಿಸಿ, ಕೊಳವೆಯೊಂದನ್ನು ವೈದ್ಯರು ನಾಡಿ ಹಿಡಿಯುವ ಗಾಂಭೀರ್ಯದಿಂದ ಮುಟ್ಟಿ, ತೀರ್ಪನ್ನು ಉಚ್ಚರಿಸಿದರು.

“ಬರೋವಾಗ ತಣ್ಣಗೇ ಇತ್ತಲ್ಲ ಮಾವ?” ಎಂದ ನನ್ನ ತಮ್ಮ.

“ಸುಮ್ನಿರಯ್ಯಾ! ಗಾಡಿ ನಿಂತಾಗ ಗ್ಯಾಸು ತಳದಲ್ಲಿ ಕೂತ್ಕೊಳ್ತದೆ.”

ಹೀಗೆಂದು ಸ್ಪ್ಯಾನರಿನಿಂದ ಎರಡು ಪೆಟ್ಟು ಕೊಟ್ಟು ಅವರು ಕುಳಿತರು. ಕಾರು ಕುಣಿಗಲ್ಲಿನತ್ತ ಓಡತೊಡಗಿತು; ಗಾಳಿಯೂ ತಣ್ಣಗಾಯಿತು. ಮಾವನವರು ಹಿಂದಿರುಗಿ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದರು. ರೈಲ್ವೆ ಗೇಟಿನ ಬಳಿ ನಿಂತಾಗ ಪುನಃ ಬಿಸಿಯಾದದ್ದನ್ನು ಮಾತ್ರ ನೋಡಲಿಲ್ಲ.

ಕುಣಿಗಲ್ಲಿನಲ್ಲಿ ಏಸಿ ರಿಪೇರಿಯ ಹುಡುಗನು ಗೇಜು ಹಚ್ಚಿ ಒತ್ತಡವನ್ನು ನೋಡಿ, ಅನಂತರ ರೇಡಿಯೇಟರಿನ ಮುಂದಿರುವ ಕಂಡೆನ್ಸರಿನತ್ತ ಬಾಗಿದನು. ಒಳಗಿನಿಂದ ಹೊತ್ತು ತಂದ ಬಿಸಿಯನ್ನು ಅನಿಲವು ಬಿಟ್ಟುಕೊಡುವುದು ಅಲ್ಲಿಯೇ. ಓಡುವಾಗ ಎದುರುಗಾಳಿಯೇ ಅದನ್ನು ಆರಿಸುವುದು, ನಿಂತಾಗ ಫ್ಯಾನು ಆರಿಸಬೇಕು.

“ಗ್ಯಾಸ್ ಸರಿಯಾಗೈತೆ ಸಾರ್. ಫ್ಯಾನೇ ತಿರುಗ್ತಿಲ್ಲ, ಫ್ಯೂಸ್ ಹೋಗೈತೆ.”

ಹೊಸ ಫ್ಯೂಸು ಬಿದ್ದು ಫ್ಯಾನು ಗಿರ್ರೆಂದಿತು. ನಿಂತ ಕಾರಿನಲ್ಲಿಯೇ ಅಜ್ಜಿ ಸೆರಗು ಹೊದ್ದುಕೊಂಡರು. ಮಾವನವರು ತಿಲಮಾತ್ರವೂ ವಿಚಲಿತರಾಗದೆ, “ನಾನೂ ಅದನ್ನೇ ಹೇಳಿದ್ದು, ಫ್ಯಾನು ತಿರುಗದಿದ್ರೆ ಗ್ಯಾಸಾದ್ರೂ ಏನು ಮಾಡೀತು?” ಎಂದು, ಹುಡುಗನ ಹೆಗಲ ಮೇಲೆ ಕೈಯಿಟ್ಟು ಮೆಲ್ಲನೆ ಹೇಳಿದರು:

“ಹೆಂಗೂ ಬಂದಿದೀವಿ ತಮ್ಮಾ, ಹಂಗೇ ಒಂಚೂರು ಗ್ಯಾಸು ತುಂಬಿಬಿಡು.”