ಕ್ಷೌರಮೀಮಾಂಸೆ: ಒಂದೇ ತಲೆಯ ಆಧಾರದಿಂದ ಎರಡು ದೇಶಗಳ ಕೂಲಿ ಮತ್ತು ದುಡಿಮೆಯ ತೌಲನಿಕ ಅಧ್ಯಯನ

ಪೀಠಿಕೆ

ಶ್ರೀಮಂತ ದೇಶ, ಬಡ ದೇಶಗಳನ್ನು ಹೋಲಿಸಹೊರಟ ಪಂಡಿತರು ಸಾಮಾನ್ಯವಾಗಿ ಬರ್ಗರ್ ಹಿಡಿದೇ ಹೊರಡುತ್ತಾರೆ. ‘ದಿ ಇಕನಾಮಿಸ್ಟ್’ ಪತ್ರಿಕೆ 1986ರಲ್ಲಿ, ದೇಶದೇಶಗಳ ಮ್ಯಾಕ್‌ಡೊನಾಲ್ಡ್ಸ್ ಬರ್ಗರ್ ಬೆಲೆ ಹೋಲಿಸುವ ಬಿಗ್ ಮ್ಯಾಕ್ ಸೂಚ್ಯಂಕ ಶುರುಮಾಡಿದ ಮೇಲೆ ಅದೇ ಶಾಸ್ತ್ರವಾಗಿಬಿಟ್ಟಿದೆ. ಪ್ರಸ್ತುತ ಸಂಶೋಧಕ ಸಸ್ಯಾಹಾರಿ. ಸಾಲದ್ದಕ್ಕೆ ಆ ಬರ್ಗರ್ ನಮ್ಮಲ್ಲಿ ಸಿಗುವುದೂ ಇಲ್ಲ. ಇಲ್ಲಿ ದನದ ಮಾಂಸ ಬಿಟ್ಟು ಬೇರೆಯದಕ್ಕೆ ‘ಮಹಾರಾಜ’ ಎಂದು ಪಟ್ಟ ಕಟ್ಟಿದ್ದಾರೆ. ಆದಕಾರಣ ಎರಡೂ ದೇಶಗಳಲ್ಲಿ ಒಂದೇ ತೆರನಾಗಿರುವ, ಸುಂಕವಿಲ್ಲದೆ ಸಾಗಿಸಬಹುದಾದ, ಸಂಶೋಧಕನ ಸ್ವಾಧೀನದಲ್ಲೇ ಇರುವ ವಸ್ತುವೊಂದನ್ನು ಆರಿಸಿಕೊಳ್ಳಲಾಯಿತು: ಅವನ ತಲೆ. ಮಾದರಿಯ ಗಾತ್ರ ಒಂದು. ಅದರಲ್ಲೂ ನಡುನೆತ್ತಿಯು ದತ್ತಾಂಶ ಒದಗಿಸುವುದನ್ನು ನಿಲ್ಲಿಸಿ ಹತ್ತು ವರ್ಷವಾಯಿತು.

ಕ್ಷೇತ್ರಕಾರ್ಯ ನಡೆದದ್ದು ತಿಪಟೂರಿನಲ್ಲಿ ಮತ್ತು ಮಗಳು ಅಳಿಯ ಇರುವ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ತಿಪಟೂರಿನ ಕ್ಷೌರಿಕನನ್ನು ಮುಂದೆ ‘ಕ್ಷ’ ಎಂದೂ, ಸ್ಟುಟ್‌ಗಾರ್ಟಿನವನನ್ನು ವರ್ಣಮಾಲೆಯಲ್ಲಿ ಅದರ ಪಕ್ಕದಲ್ಲೇ ಕೂತಿರುವ ‘ಜ್ಞ’ ಎಂದೂ ಕರೆಯಲಾಗಿದೆ.

ಪೂರ್ವಪಕ್ಷ ಮತ್ತು ಅದರ ಖಂಡನೆ

‘ಬಡ ದೇಶದವರ ಉತ್ಪಾದಕತೆ ಕಡಿಮೆ, ಅದಕ್ಕೇ ಕೂಲಿಯೂ ಕಡಿಮೆ’ ಎಂಬುದು ಪೂರ್ವಪಕ್ಷ. ಪರೀಕ್ಷಿಸೋಣ.

ಜ್ಞ ಮೂರು ವರ್ಷ ಕ್ಷೌರದ ತರಬೇತಿ ಪಡೆದವನು. ಆ ದೇಶದಲ್ಲಿ ಸ್ವಂತ ಅಂಗಡಿ ತೆರೆಯಲು ಅದರ ಮೇಲೊಂದು ‘ಮೈಸ್ಟರ್’ ಪದವಿಯೂ ಬೇಕು. ಮುಂಚೆಯೇ ಸಮಯ ಗೊತ್ತುಮಾಡಿಕೊಂಡು ಹೋದ ನನ್ನನ್ನು ಕೂರಿಸಿ ಅವನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಮಿಲಿಮೀಟರ್? ಇಷ್ಟು ವಯಸ್ಸಾಗಿದ್ದರೂ ನನ್ನ ಕೂದಲಿನ ಅಳತೆಯೇ ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದ ಹಾಗೆ ‘ಒಂಬತ್ತು’ ಅಂದೆ. ಇಪ್ಪತ್ತು ನಿಮಿಷ, ಇಪ್ಪತ್ತೈದು ಯೂರೋ.

ಕ್ಷ ಏನನ್ನೂ ಕೇಳುವುದಿಲ್ಲ. ಈ ತಲೆ ಅವನಿಗೆ ಅವರಪ್ಪನಿಂದ ಬಂದ ಪಿತ್ರಾರ್ಜಿತ. ಎರಡು ಬೆರಳಲ್ಲಿ ಗದ್ದ ಹಿಡಿದು ತಿರುಗಿಸುತ್ತಾನೆ. ಕಿವಿಯ ಹಿಂದೆ ಕತ್ತರಿ ಬಂದಾಗ ಕೊಬ್ಬರಿ ಧಾರಣೆ, ಮುಂದೆ ಬಂದಾಗ ತಾಲ್ಲೂಕು ರಾಜಕೀಯ. ಕೊನೆಗೆ ಕತ್ತಿಗೆ ಹೊಸ ಬ್ಲೇಡು, ಕತ್ತಿನ ಮೇಲೆ ಪಟಿಕದ ತಣ್ಣನೆ ಉಜ್ಜು, ನೆತ್ತಿಗೆ ನಾಲ್ಕು ತಟ್ಟು, ಎಡಕ್ಕೊಂದು ‘ಲಟ್’, ಬಲಕ್ಕೊಂದು ‘ಲಟ್’. ನಲವತ್ತು ನಿಮಿಷ, ನೂರು ರೂಪಾಯಿ.

ಲೆಕ್ಕದ ಅನುಕೂಲಕ್ಕೆ ಯೂರೋವನ್ನು ನೂರು ರೂಪಾಯಿಗೆ ಹಿಡಿದರೆ ಅಲ್ಲಿಯ ಕ್ಷೌರ 2500 ರೂಪಾಯಿ. ತಲೆ ಅದೇ, ಕೂದಲು ಅವೇ. ಬೆಲೆ ಮಾತ್ರ ಇಪ್ಪತ್ತೈದು ಪಟ್ಟು, ಅದೂ ಎರಡು ‘ಲಟ್’ ಕಳೆದು. ಇದರಿಂದ ಪೂರ್ವಪಕ್ಷ ಬಿದ್ದುಹೋಯಿತು.

ಹಾಗಾದರೆ ಕಾರಣವೇನು? 1964ರಲ್ಲಿ ಅರ್ಥಶಾಸ್ತ್ರಜ್ಞರಾದ ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮುಯೆಲ್ಸನ್ ಬೇರೆ ಬೇರೆಯಾಗಿ ಬರೆದ ಲೇಖನಗಳಲ್ಲಿ ಪುಟಗಟ್ಟಲೆ ವಿವರಿಸಿದ್ದನ್ನು ನಮ್ಮಜ್ಜಿ ಒಂದೇ ಮಾತಲ್ಲಿ ಮುಗಿಸುತ್ತಿದ್ದಳು: ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು. ಸ್ಟುಟ್‌ಗಾರ್ಟಿನಲ್ಲಿ ಹೂವು ಎಂದರೆ ಮರ್ಸಿಡಿಸ್ ಮತ್ತು ಪೋರ್ಷೆ. ಅಲ್ಲಿ ಯಂತ್ರದ ಬಲದಿಂದ ಒಬ್ಬೊಬ್ಬನೂ ರಾಶಿ ಮಾಲು ತಯಾರಿಸುತ್ತಾನೆ, ಅದು ಜಗತ್ತಿಗೆಲ್ಲ ಮಾರಾಟವಾಗುತ್ತದೆ, ಸಂಬಳ ಏರುತ್ತದೆ. ನಾರಾದ ಜ್ಞನಿಗೂ ಸರಿಯಾಗಿ ಕೊಡದಿದ್ದರೆ ಅವನು ಕತ್ತರಿ ಬಿಸಾಕಿ ಕಾರ್ಖಾನೆಯ ಗೇಟಿಗೆ ಹೋಗಿ ನಿಲ್ಲುತ್ತಾನೆ, ಊರಿಗೆ ಊರೇ ಜಡೆ ಬಿಟ್ಟುಕೊಂಡು ಓಡಾಡಬೇಕಾಗುತ್ತದೆ. ಅದೇ ಸ್ಟುಟ್‌ಗಾರ್ಟ್ ಕಡೆಯ ಬಾಷ್ ಬೆಂಗಳೂರಿನ ಆಡುಗೋಡಿಗೆ ಮೈಕೊ ಆಗಿ 1950ರ ದಶಕದಲ್ಲೇ ಬಂದಿದೆ, ನಿಜ. ಆದರೆ ಆ ಹೂವಿನ ಕಂಪು ತಿಪಟೂರಿನ ನಾರಿನವರೆಗೆ ಬಂದಿಲ್ಲ. ಕ್ಷ ಕತ್ತರಿ ಬಿಸಾಕಿದರೆ ಹೋಗಬಹುದಾದ ಜಾಗ ತೆಂಗಿನಕಾಯಿ ಮಂಡಿ.

ತಲೆಗಂಟೆ

ಹಣದಲ್ಲಿ ಅಳೆಯುವುದು ಸ್ಥೂಲ ವಿಧಾನ. ಆದ್ದರಿಂದ ‘ತಲೆಗಂಟೆ’ ಎಂಬ ಹೊಸ ಮಾನವನ್ನು ಇಲ್ಲಿ ಲೋಕಾರ್ಪಣೆ ಮಾಡಲಾಗಿದೆ: ಅತಿ ಕಡಿಮೆ ಕೂಲಿಯವನೊಬ್ಬ ತನ್ನ ತಲೆಯ ಕ್ಷೌರಕ್ಕಾಗಿ ಎಷ್ಟು ಹೊತ್ತು ದುಡಿಯಬೇಕು?

ಜರ್ಮನಿಯ ಕನಿಷ್ಠ ವೇತನ 2015ರಲ್ಲಿ ಗಂಟೆಗೆ 8.50 ಯೂರೋದಿಂದ ಶುರುವಾಗಿ 2025ರಲ್ಲಿ 12.82 ಆಗಿತ್ತು. ಇಪ್ಪತ್ತೈದು ಯೂರೋ ಗಳಿಸಲು ಮೂರು ನಿಮಿಷ ಕಮ್ಮಿ ಎರಡು ಗಂಟೆ. ನಮ್ಮ ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟರಿಂದ ಭಾಗಿಸಿದರೆ ಗಂಟೆಗೆ 46 ರೂಪಾಯಿ 25 ಪೈಸೆ. ನೂರು ರೂಪಾಯಿಗೆ ಎರಡು ಗಂಟೆ ಹತ್ತು ನಿಮಿಷ.

ಇಲ್ಲಿ ಸಂಶೋಧಕನಿಗೆ ರೋಮಾಂಚನವಾಯಿತು. ಎರಡೂ ದೇಶಗಳು ಸಮಸಮ! ಬಡತನವೆಂಬುದು ಇಲ್ಲವೇ ಇಲ್ಲ ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದಾಯಿತು. ಅಷ್ಟರಲ್ಲಿ ಅಳಿಯ ಕಾರಿಗೆ ಪೆಟ್ರೋಲ್ ಹಾಕಿಸಲು ಹೊರಟ. ಒಂದು ಲೀಟರಿಗೆ ಅಲ್ಲಿಯವನು ದುಡಿಯಬೇಕಾದದ್ದು ಸುಮಾರು ಎಂಟು ನಿಮಿಷ. ನಮ್ಮವನು ಎರಡು ಗಂಟೆಗೂ ಮೇಲೆ. ಮನುಷ್ಯ ಮನುಷ್ಯನಿಗೆ ಮಾಡುವ ಕೆಲಸದಲ್ಲಿ ಮಾತ್ರ ಸಮಾನತೆ. ಪೆಟ್ರೋಲಿಗೆ ಇಡೀ ಲೋಕವೇ ಒಂದು ಸಂತೆ.

ಕತ್ತರಿಗೂ ಅಷ್ಟೇ. ಕತ್ತರಿ ಕತ್ತಿಗಳಿಗೆ ಹೆಸರಾದ ಊರು ಜರ್ಮನಿಯ ಜೋಲಿಂಗೆನ್. ಅಲ್ಲಿಯ ನೂರು ಯೂರೋದ ಕತ್ತರಿಯೊಂದಕ್ಕೆ ಜ್ಞ ಕತ್ತರಿಸಬೇಕಾದ ತಲೆ ನಾಲ್ಕು. ಕ್ಷ ಕತ್ತರಿಸಬೇಕಾದದ್ದು ನೂರು. ಅಂಗೈಯಲ್ಲಿಟ್ಟು ತೋರಿಸಿದಾಗ ಕ್ಷ ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಗಾಳಿ ಕತ್ತರಿಸಿ, ‘ಸದ್ದೇ ಇಲ್ಲ ಸಾರ್’ ಎಂದು ವಾಪಸು ಕೊಟ್ಟ. ಉಡುಗೊರೆ ಎಂದು ತಿಳಿಸಲು ಮೂರು ಸಲ ಹೇಳಬೇಕಾಯಿತು.

ಗಂಟೆಗಳ ಪ್ರಕರಣ

ಜರ್ಮನರು ವರ್ಷಕ್ಕೆ ಸರಾಸರಿ ದುಡಿಯುವುದು 1340 ಗಂಟೆಯ ಆಸುಪಾಸು. ಶ್ರೀಮಂತ ದೇಶಗಳ ಕೂಟದ ಪಟ್ಟಿಯಲ್ಲಿ ಕಟ್ಟಕಡೆ. (ಅರೆಕಾಲಿಕ ಕೆಲಸದವರು, ಅದರಲ್ಲೂ ಹೆಂಗಸರು, ಅಲ್ಲಿ ಬಹಳವಿರುವುದರಿಂದ ಸರಾಸರಿ ಇಳಿದಿದೆ. ಮಿಕ್ಕವರು ಮಲಗಿರುತ್ತಾರೆ ಎಂದು ತಿಳಿಯಬಾರದು.) ನಮ್ಮ 1948ರ ಕಾರ್ಖಾನೆ ಕಾಯ್ದೆ ಹಾಕಿದ್ದ ಮಿತಿ ವಾರಕ್ಕೆ 48 ಗಂಟೆ. ಕ್ಷನಿಗೆ ಅದೂ ಅನ್ವಯಿಸುತ್ತಿರಲಿಲ್ಲ. ಮಾಲೀಕನೂ ಅವನೇ, ಕಾರ್ಮಿಕನೂ ಅವನೇ. ಮುಷ್ಕರ ಹೂಡಿದರೆ ಮಾತುಕತೆಗೆ ಕನ್ನಡಿಯ ಮುಂದೆ ಕೂರಬೇಕು.

ವಾರದ ರಜೆಯಲ್ಲಿ ಮಾತ್ರ ವಿಸ್ಮಯಕರ ಸಾಮ್ಯವಿದೆ: ಎರಡೂ ಕಡೆ ಕ್ಷೌರಿಕರಿಗೆಂದೇ ಒಂದು ದಿನ. ಭಾನುವಾರ ಇಡೀ ಊರೇ ಬಾಗಿಲು ಹಾಕುವುದರ ಜೊತೆಗೆ ಜ್ಞನಿಗೆ ಸೋಮವಾರವೂ ಬಿಡುವು. ಅದು ಅಲ್ಲಿಯ ಕ್ಷೌರಿಕರ ಹಳೇ ಪದ್ಧತಿ. ಕ್ಷನಿಗೆ ಮಂಗಳವಾರ. ಉಳಿದ ಆರು ದಿನ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತು. ಒಟ್ಟು 84 ಗಂಟೆ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು, ಯುದ್ಧಾನಂತರದ ಜರ್ಮನಿ ಮತ್ತು ಜಪಾನನ್ನು ತೋರಿಸಿ ಹೇಳಿದರು. ಕ್ಷ ಆಗಲೇ ಹದಿನಾಲ್ಕು ಗಂಟೆ ಮುಂದಿದ್ದ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿದ್ದಾಗ ಮಾತ್ರ ಆರು ಗಂಟೆ ಹಿಂದೆಬಿದ್ದ. ಇನ್ನು ಜರ್ಮನರೋ, ಯುದ್ಧ ಮುಗಿದ ಹನ್ನೊಂದನೇ ವರ್ಷಕ್ಕೇ, 1956ರ ಮೇ ದಿನದಂದು, ‘ಶನಿವಾರ ಅಪ್ಪ ನನ್ನವನು’ ಎಂದು ಮಗುವಿನ ಬಾಯಲ್ಲಿ ಹೇಳಿಸುವ ಪೋಸ್ಟರ್ ಅಂಟಿಸಿಕೊಂಡು ಕೂತಿದ್ದರು. 1984ರಲ್ಲಿ ಇದೇ ಸ್ಟುಟ್‌ಗಾರ್ಟ್ ಸೀಮೆಯ ಲೋಹ ಕಾರ್ಮಿಕರು ವಾರಕ್ಕೆ 35 ಗಂಟೆ ಸಾಕೆಂದು ಮುಷ್ಕರ ಹೂಡಿದರು. ಈ ಭಾಗ ನಮ್ಮಲ್ಲಿ ಉದ್ಧರಣೆಗೆ ಬರುವುದು ಅಪರೂಪ.

ತಪ್ಪು–ಒಪ್ಪು

ಪ್ರಬಂಧ ಅಚ್ಚಿಗೆ ಹೋಗುವ ಮುನ್ನ ಅದನ್ನು ಕ್ಷನಿಗೆ ಓದಿ ಹೇಳಲಾಯಿತು. ಅವನು ಕತ್ತರಿ ನಿಲ್ಲಿಸಿ, ‘ಮಂಗಳವಾರ ಮಂಡೀಲಿ ಕಾಯಿ ಸುಲಿಯಕ್ಕೆ ಹೋಗ್ತೀನಲ್ಲ ಸಾರ್, ಎಂಟು ಗಂಟೆ, ಅದನ್ನ ಹಾಕಿಲ್ವಾ?’ ಎಂದ.

ಓದುಗರು ಹಿಂದಿನ ಪ್ರಕರಣದಲ್ಲಿ 84 ಎಂದಿರುವಲ್ಲಿ 92 ಎಂದು ತಿದ್ದಿ ಓದಿಕೊಳ್ಳುವುದು.